ಅತ್ತಿಗೆ ಕೇಳಿದ ಪ್ರಶ್ನೆ

ನೆಂಟರ ಮನೆಯೊಂದರ ಗೃಹಪ್ರವೇಶ. ಊಟದ ಪಂಕ್ತಿಯಲ್ಲಿ ನನ್ನ ಪಕ್ಕಕ್ಕೆ ಅತ್ತಿಗೆ ಕೂತಿದ್ದರು. ಎದುರು ಸಾಲಿನಲ್ಲಿದ್ದ ಹಿರಿಯ ಮುತ್ತೈದೆಯೊಬ್ಬರು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ ಎಲ್ಲರಿಗೂ ಕೇಳುವ ಹಾಗೆ ಹೇಳಿದರು: "ಪೇಪರಿನಲ್ಲಿ ಬಂದಿತ್ತಂತೆ ಕಣೇ, ನಿನ್ನ ಗಂಡನ ಕಾಯಿಲೆಗೆ ಮಿದುಳಿನಲ್ಲಿ ಬಿ ವಿಟಮಿನ್ ಕಮ್ಮಿಯಾಗೋದೇ ಕಾರಣವಂತೆ. ಮೊದಲಿಂದ ಸೊಪ್ಪು, ಕಾಳು ಅಂತ ಸರಿಯಾಗಿ ಹಾಕಿದ್ದಿದ್ರೆ..." ಅಷ್ಟಕ್ಕೇ ನಿಲ್ಲಿಸಿದರು. ಉಳಿದದ್ದನ್ನು ಪಂಕ್ತಿಯೇ ಪೂರ್ತಿ ಮಾಡಿಕೊಂಡಿತು. ಅತ್ತಿಗೆ ಎಲೆಯ ಮೇಲಿನ ಹೋಳಿಗೆಯನ್ನು ಮುಟ್ಟಲಿಲ್ಲ.

ಆ ರಾತ್ರಿ ಹತ್ತು ಗಂಟೆಗೆ ಅವರ ಫೋನು ಬಂತು. "ನೀವು ಮೂವತ್ತು ವರ್ಷ ಮಕ್ಕಳಿಗೆ ವಿಜ್ಞಾನ ಹೇಳಿಕೊಟ್ಟೋರು. ನನಗೆ ಸಮಾಧಾನದ ಮಾತು ಬೇಡ. ನಾನು ಹಾಕಿದ ಊಟದಲ್ಲಿ ಏನಾದರೂ ಕಮ್ಮಿಯಾಗಿತ್ತಾ?"

"ಇಲ್ಲ ಅತ್ತಿಗೆ" ಎಂದು ತಕ್ಷಣ ಹೇಳಿಬಿಟ್ಟೆ. ಆಮೇಲೆ ನಿದ್ದೆ ಬರಲಿಲ್ಲ. ಆ ಹೆಂಗಸು ಹೇಳಿದ್ದರಲ್ಲಿ ಅರ್ಧ ಸತ್ಯವಿತ್ತು. ಪೂರ್ತಿ ಸುಳ್ಳಾದರೆ ಅಲ್ಲಗಳೆದು ಸುಮ್ಮನಾಗಬಹುದು. ಅರ್ಧ ಸತ್ಯಕ್ಕೆ ಉತ್ತರ ಹೇಳಬೇಕಾದರೆ ಅದರ ಕಥೆಯನ್ನು ಮೊದಲಿನಿಂದ ಹೇಳಬೇಕಾಗುತ್ತದೆ. ಅತ್ತಿಗೆಗೆ ಮುಂದಿನ ಭಾನುವಾರ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಅವರಿಗೆ ಹೇಳುವಾಗ ಮರೆತ ನಾಲ್ಕು ಮಾತೂ ಸೇರಿವೆ.

ಅಣ್ಣ ಎಂದರೆ ನನ್ನ ದೊಡ್ಡಮ್ಮನ ಮಗ. ಈ ಕಾಯಿಲೆಯನ್ನು ನಾನು ಮೊದಲು ನೋಡಿದ್ದು ದೊಡ್ಡಮ್ಮನಲ್ಲಿ. ನಲವತ್ತೆರಡು ನಲವತ್ತಮೂರರ ವಯಸ್ಸಿಗೆ ಆಕೆಯ ಬೆರಳುಗಳು ಸೆರಗಿನ ಅಂಚನ್ನು ಸದಾ ಏನೋ ಎಣಿಸುತ್ತಿದ್ದವು. ಆಮೇಲೆ ಕೈಯಿಂದ ಪಾತ್ರೆ ಜಾರತೊಡಗಿತು. ನಡೆಯುವಾಗ ಮೈ ಒಂದು ಕಡೆಗೆ ವಾಲಿ, ಹೆಗಲು ಹಾರಿ, ಹುಬ್ಬು ತಾನಾಗಿ ಮೇಲೇರುತ್ತಿತ್ತು. ಅಂಗಡಿ ಬೀದಿಯ ಹುಡುಗರು ಕುಡಿದಿದ್ದಾಳೆ ಎಂದು ನಕ್ಕರು. ವಠಾರದ ಹೆಂಗಸರು ಮೈಮೇಲೆ ಬಂದಿದೆ ಎಂದರು. ನಮ್ಮೂರಿನ ಡಾಕ್ಟರು "ನರ ದೌರ್ಬಲ್ಯ" ಎಂದು ವಾರಕ್ಕೊಂದು ಬಿ ಕಾಂಪ್ಲೆಕ್ಸ್ ಇಂಜೆಕ್ಷನ್ ಚುಚ್ಚಿದರು. ಆ ಔಷಧದ ವಾಸನೆ ದೊಡ್ಡಮ್ಮನ ಕೋಣೆಯಲ್ಲಿ ಸದಾ ಇರುತ್ತಿತ್ತು. ಇಂದಿಗೂ ಬಿ ಕಾಂಪ್ಲೆಕ್ಸ್ ಮಾತ್ರೆಯ ಡಬ್ಬಿ ತೆಗೆದರೆ ನನಗೆ ಆ ಕೋಣೆಯೇ ನೆನಪಾಗುತ್ತದೆ. ಇಂಜೆಕ್ಷನ್ನಿನಿಂದ ಏನೂ ಆಗಲಿಲ್ಲ. 1988ರಲ್ಲಿ ಬೆಂಗಳೂರಿನ ನರರೋಗ ತಜ್ಞರೊಬ್ಬರು ಮೊದಲ ಬಾರಿಗೆ ಕಾಯಿಲೆಯ ಹೆಸರು ಹೇಳಿದರು: ಹಂಟಿಂಗ್ಟನ್ ರೋಗ. "ಇವರ ತಂದೆಗೂ ಹೀಗೇ ಇತ್ತೇ?" ಎಂದು ಅವರು ಕೇಳಿದಾಗ ಅಮ್ಮ ನೆಲ ನೋಡಿದಳು. ತಾತನಿಗೆ 'ವಾಯು' ಇತ್ತು ಎಂದಷ್ಟೇ ನಮ್ಮ ಮನೆಯಲ್ಲಿ ಹೇಳುತ್ತಿದ್ದರು.

ಈ ರೋಗದ ಚರಿತ್ರೆಯನ್ನು ನಾನು ಓದತೊಡಗಿದ್ದು ದೊಡ್ಡಮ್ಮ ಹೋದ ಮೇಲೆ. ಮೊದಲು ಎದುರಾದದ್ದು ಫೀಬಿ ಹೆಜಸ್ ಎಂಬ ಗೃಹಿಣಿ. ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಲಾಂಗ್ ಐಲೆಂಡ್ ಎಂಬ ಉದ್ದನೆಯ ದ್ವೀಪವಿದೆ. ಅದರ ಪೂರ್ವದ ತುದಿಯಲ್ಲಿ ಈಸ್ಟ್ ಹ್ಯಾಂಪ್ಟನ್ ಎಂಬ ಊರು. 1806ರ ಜೂನ್ ತಿಂಗಳಲ್ಲಿ ಆಕೆ ಮನೆಯಿಂದ ಹೊರಟು ಸಮುದ್ರಕ್ಕೆ ಇಳಿದುಬಿಟ್ಟಳು. ಅವಳ ತಾಯಿಗೆ ಕೈಕಾಲು ತಾವೇ ಕುಣಿಯುವ ಕಾಯಿಲೆ ಬಲವಾಗಿತ್ತು. ತನಗೂ ಅದು ಶುರುವಾಗಿದೆ ಎಂದು ಫೀಬಿಗೆ ತಿಳಿದಿತ್ತು. ಆಲಿಸ್ ವೆಕ್ಸ್ಲರ್ ಎಂಬ ಇತಿಹಾಸಕಾರ್ತಿ ಈ ಹೆಂಗಸಿನ ಕಥೆಯನ್ನೇ ಹಿಡಿದು 2008ರಲ್ಲಿ ಒಂದು ಪುಸ್ತಕ ಬರೆದಿದ್ದಾರೆ. ಆಲಿಸ್ ಅವರ ತಾಯಿಗೂ ಇದೇ ರೋಗವಿತ್ತು. ಅವರು ಹಳೆಯ ದಾಖಲೆಗಳನ್ನು ತಿರುವಿ ಕಂಡುಕೊಂಡ ಒಂದು ಸಂಗತಿ ನನ್ನ ಮನಸ್ಸಿನಲ್ಲಿ ನಿಂತಿದೆ. ಈಸ್ಟ್ ಹ್ಯಾಂಪ್ಟನ್ನಿನ ಜನ ಈ ಮನೆತನಗಳನ್ನು ದೂರ ಇಟ್ಟಿರಲಿಲ್ಲ. ಅವರ ಮನೆಗಳಿಗೆ ಹೆಣ್ಣು ಕೊಟ್ಟರು, ತಂದರು. ಅವರಿಗೆ ಊರಿನ ಅಧಿಕಾರಗಳನ್ನೂ ಕೊಟ್ಟರು. ಕಾಯಿಲೆ ಇತ್ತು, ಭಯವಿತ್ತು, ಆದರೆ ಬಹಿಷ್ಕಾರವಿರಲಿಲ್ಲ.

ಆ ಊರಿಗೆ 1797ರಿಂದ ಏಬಲ್ ಹಂಟಿಂಗ್ಟನ್ ಎಂಬವರು ವೈದ್ಯರು. ಅವರ ಮಗನೂ ವೈದ್ಯ, ಮೊಮ್ಮಗ ಜಾರ್ಜನೂ ವೈದ್ಯ. ಜಾರ್ಜ್ ಹುಡುಗನಾಗಿದ್ದಾಗ ಅಪ್ಪನ ಜೊತೆ ಗಾಡಿಯಲ್ಲಿ ರೋಗಿಗಳನ್ನು ನೋಡಲು ಹೋಗುತ್ತಿದ್ದ. ಒಂದು ದಿನ ದಾರಿಯಲ್ಲಿ ಇಬ್ಬರು ಹೆಂಗಸರು ಎದುರಾದರು. ತಾಯಿ ಮತ್ತು ಮಗಳು. ಇಬ್ಬರೂ ಎತ್ತರ, ಇಬ್ಬರೂ ಬಡಕಲು, ಇಬ್ಬರ ಮೈಯೂ ಬಾಗುತ್ತ ತಿರುಚುತ್ತ ಮುಖ ಸೊಟ್ಟಗಾಗುತ್ತಿತ್ತು. ಅಪ್ಪ ಗಾಡಿ ನಿಲ್ಲಿಸಿ ಅವರೊಡನೆ ಮಾತಾಡಿ ಮುಂದೆ ಹೊರಟರು. ಐವತ್ತು ವರ್ಷದ ಮೇಲೂ ಜಾರ್ಜ್ ಹಂಟಿಂಗ್ಟನ್ ಆ ನೋಟವನ್ನು ಮರೆತಿರಲಿಲ್ಲ. ಬೆಚ್ಚಿಬಿದ್ದೆ, ಭಯವಾಯಿತೆನ್ನಬಹುದು, ಎಂದು ಅವರೇ ಹೇಳಿಕೊಂಡಿದ್ದಾರೆ.

1872ರ ಫೆಬ್ರವರಿಯಲ್ಲಿ, ಓಹಾಯೋ ರಾಜ್ಯದ ಸಣ್ಣ ಊರೊಂದರಲ್ಲಿ, ಈ ಜಾರ್ಜ್ ಒಂದು ಪ್ರಬಂಧ ಓದಿದರು. ಆಗ ಅವರಿಗಿನ್ನೂ 21 ವರ್ಷ. ಅಜ್ಜ ಮತ್ತು ಅಪ್ಪ ಗುರುತುಹಾಕಿಟ್ಟ ಟಿಪ್ಪಣಿಗಳು ಕೈಯಲ್ಲಿದ್ದವು. ಒಂದೇ ಮನೆತನದ ಮೂರು ತಲೆಮಾರನ್ನು ಮೂರು ತಲೆಮಾರಿನ ವೈದ್ಯರು ನೋಡಿದ್ದರು. ಹಾಗಾಗಿಯೇ ಯಾವ ದೊಡ್ಡ ಆಸ್ಪತ್ರೆಗೂ ಕಾಣದ ಸಂಗತಿ ಒಬ್ಬ ಹಳ್ಳಿಯ ವೈದ್ಯನಿಗೆ ಕಂಡಿತು. ತಂದೆ ಅಥವಾ ತಾಯಿಗೆ ಇದ್ದರೆ ಮಕ್ಕಳಿಗೆ ಬರಬಹುದು. ಮಗುವೊಂದು ತಪ್ಪಿಸಿಕೊಂಡಿತೋ, ಅಲ್ಲಿಗೆ ಎಳೆ ಕಡಿಯಿತು, ಮೊಮ್ಮಕ್ಕಳಿಗೆ ಬಾರದು. ಮೆಂಡಲನ ಬಟಾಣಿ ಗಿಡಗಳ ಲೆಕ್ಕಾಚಾರ ಜಗತ್ತಿಗೆ ಗೊತ್ತಾಗುವುದಕ್ಕೆ ಇನ್ನೂ 28 ವರ್ಷವಿತ್ತು. ಎಳೆ ಕಡಿಯಿತು ಎಂಬ ಮಾತನ್ನು ಓದಿದ ದಿನ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನನ್ನ ಅಮ್ಮ ಎಂಬತ್ತೊಂದರವರೆಗೆ ಬದುಕಿದಳು. ಕೊನೆಯವರೆಗೂ ಅವಳ ಕೈ ನಡುಗಲಿಲ್ಲ. ಸೂಜಿಗೆ ತಾನೇ ದಾರ ಪೋಣಿಸುತ್ತಿದ್ದಳು. ನಮ್ಮ ಕೊಂಬೆಯಲ್ಲಿ ಎಳೆ ಕಡಿದಿತ್ತು. ಅಣ್ಣನ ಕೊಂಬೆಯಲ್ಲಿ ಕಡಿಯಲಿಲ್ಲ. ಅದರಲ್ಲಿ ಅಮ್ಮನ ಪುಣ್ಯವೂ ಇಲ್ಲ, ದೊಡ್ಡಮ್ಮನ ಪಾಪವೂ ಇಲ್ಲ.

ದೂಷಣೆ ಬಂದದ್ದು ಆಮೇಲೆ, ಅದೂ ಓದಿದವರಿಂದ. ಅದೇ ಲಾಂಗ್ ಐಲೆಂಡಿನ ಇನ್ನೊಂದು ಊರಿನಲ್ಲಿ ಚಾರ್ಲ್ಸ್ ಡೇವನ್‌ಪೋರ್ಟ್ ಎಂಬ ವಿಜ್ಞಾನಿ 1910ರಲ್ಲಿ 'ವಂಶಸುಧಾರಣೆ'ಯ ಕಚೇರಿ ತೆರೆದರು. ಎಲಿಜಬೆತ್ ಮನ್ಸಿ ಎಂಬ ವೈದ್ಯೆ ಮನೆಮನೆಗೆ ಹೋಗಿ ವಿವರ ಕಲೆಹಾಕಿದರು. 1916ರಲ್ಲಿ 962 ರೋಗಿಗಳ ಪಟ್ಟಿ ಅಚ್ಚಾಯಿತು. ಇಂಥವರು ಮಕ್ಕಳನ್ನು ಹೆರದಂತೆ ತಡೆಯಬೇಕು ಎಂಬುದು ಡೇವನ್‌ಪೋರ್ಟರ ವಾದ. 1932ರಲ್ಲಿ ವೆಸ್ಸಿ ಎಂಬ ವೈದ್ಯರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಹಿಂದೆ ಅಮೆರಿಕದಲ್ಲಿ ಮಾಟಗಾತಿಯರೆಂದು ಹಿಂಸೆಗೊಳಗಾದ ಕೆಲವು ಹೆಂಗಸರು ಈ ವಂಶದವರೇ ಎಂದು ಬರೆದರು. ಅವರು ಕೊಟ್ಟ ವಂಶಾವಳಿ ತಪ್ಪುಗಳ ಸರಮಾಲೆ ಎಂದು ಮುಂದೆ ಗೊತ್ತಾಯಿತು. ಆದರೆ ಅಷ್ಟರಲ್ಲಿ ಆ ಕಥೆ ವೈದ್ಯಕೀಯ ಪುಸ್ತಕಗಳಲ್ಲಿ ಬೇರೂರಿತ್ತು. 1933ರ ಜುಲೈನಲ್ಲಿ ಹಿಟ್ಲರನ ಜರ್ಮನಿ ಬಲವಂತದ ಸಂತಾನಹರಣ ಶಸ್ತ್ರಚಿಕಿತ್ಸೆಯ ಕಾಯಿದೆ ತಂದಾಗ, ಅದರಲ್ಲಿ ಹೆಸರಿಸಿದ ರೋಗಗಳ ಪಟ್ಟಿಯಲ್ಲಿ ಹಂಟಿಂಗ್ಟನ್ ಕೂಡ ಇತ್ತು. 'ಮೈಮೇಲೆ ಬಂದಿದೆ' ಎನ್ನುತ್ತಿದ್ದ ನಮ್ಮ ವಠಾರದ ಹೆಂಗಸರನ್ನು ನಾನು ಬಹಳ ದಿನ ಕ್ಷಮಿಸಿರಲಿಲ್ಲ. ಇದನ್ನೆಲ್ಲ ಓದಿದ ಮೇಲೆ ಅವರ ಮೇಲಿನ ಸಿಟ್ಟು ಕಡಿಮೆಯಾಯಿತು. ಅವರು ಕನಿಷ್ಠ ಒಂದು ತಟ್ಟೆ ಉಪ್ಪಿಟ್ಟು ತಂದುಕೊಟ್ಟು ಹೋಗುತ್ತಿದ್ದರು.

ಇದು ಒಂದು ಕಪಾಟಿನ ಕಥೆ, ವಂಶದ ಕಪಾಟು. ವೈದ್ಯಶಾಸ್ತ್ರದಲ್ಲಿ ಇದರ ಪಕ್ಕದಲ್ಲೇ ಇನ್ನೊಂದು ಕಪಾಟಿತ್ತು, ಊಟದ್ದು. ಬಹಳ ಕಾಲ ಒಂದರಲ್ಲಿದ್ದದ್ದನ್ನು ಇನ್ನೊಂದರಲ್ಲಿ ಯಾರೂ ಹುಡುಕಲಿಲ್ಲ.

ಊಟದ ಕಪಾಟು ತೆರೆದದ್ದು ಕೋಳಿಗಳಿಂದ. ಜಾವಾ ದ್ವೀಪದ ಬಟಾವಿಯಾದಲ್ಲಿ, ಅಂದರೆ ಈಗಿನ ಜಕಾರ್ತದಲ್ಲಿ, ಡಚ್ ಸೈನಿಕರಿಗೆ ಬೆರಿಬೆರಿ ಎಂಬ ರೋಗ: ಕಾಲು ಸೋಲುವುದು, ಮೈ ಊದುವುದು, ಹೃದಯ ನಿಂತುಹೋಗುವುದು. ಕ್ರಿಶ್ಚಿಯಾನ್ ಐಕ್ಮನ್ ಎಂಬ ಸೇನಾ ವೈದ್ಯರು ಅದರ ಕ್ರಿಮಿಯನ್ನು ಹುಡುಕುತ್ತಿದ್ದರು. ಪ್ರಯೋಗಶಾಲೆಯ ಕೋಳಿಗಳು ಇದ್ದಕ್ಕಿದ್ದಂತೆ ಕಾಲು ಸೋತು ಬಿದ್ದವು. ಕೆಲವು ತಿಂಗಳಲ್ಲಿ ತಾವಾಗಿ ಎದ್ದು ಓಡಾಡಿದವು. ವಿಚಾರಿಸಿದರೆ, ಕಾರಣ ಅಡುಗೆಮನೆಯಲ್ಲಿತ್ತು. ಒಬ್ಬ ಅಡಿಗೆಯವನು ಆಸ್ಪತ್ರೆಯಲ್ಲಿ ಉಳಿದ ಬಿಳಿ ಅನ್ನವನ್ನು ಕೋಳಿಗಳಿಗೆ ಹಾಕುತ್ತಿದ್ದ. ಅವನು ಹೋಗಿ ಬಂದ ಹೊಸಬ, ಸೈನಿಕರ ಅನ್ನವನ್ನು ಕೋಳಿಗಳಿಗೇಕೆ ಕೊಡಲಿ ಎಂದು ನಿಲ್ಲಿಸಿಬಿಟ್ಟ. ಕೋಳಿಗಳು ಬದುಕಿದವು. ಆ ಹೊಸ ಅಡಿಗೆಯವನ ಜಿಪುಣತನ ವಿಜ್ಞಾನಕ್ಕೆ ಆದ ಉಪಕಾರ. ಅಕ್ಕಿಯನ್ನು ಬೆಳ್ಳಗೆ ಪಾಲಿಷ್ ಮಾಡುವಾಗ ಕಳೆದುಹೋಗುವ ತೌಡಿನಲ್ಲಿ ಜೀವ ಉಳಿಸುವ ಏನೋ ಇದೆ ಎಂದು ಹೀಗೆ ತಿಳಿಯಿತು. ಐಕ್ಮನ್ನರಿಗೆ 1929ರಲ್ಲಿ ನೊಬೆಲ್ ಬಹುಮಾನ ಬಂತು. ಅವರಾದರೋ ಮೊದಲು ಅನ್ನದಲ್ಲಿ ವಿಷವಿದೆ ಎಂದುಕೊಂಡಿದ್ದರು. ವಿಷವಲ್ಲ, ಇರಬೇಕಾದ್ದು ಇಲ್ಲದಿರುವುದೇ ರೋಗ ಎಂದು 1901ರಲ್ಲಿ ಸರಿಯಾಗಿ ಹೇಳಿದವರು ಅವರ ನಂತರ ಅಲ್ಲಿಗೆ ಬಂದ ಗ್ರೈನ್ಸ್.

ಆ 'ಏನೋ' ಯಾವುದು? ಇಲ್ಲಿ ನಮ್ಮ ದಕ್ಷಿಣ ಭಾರತಕ್ಕೆ ಸಂಬಂಧಿಸಿದ ಒಂದು ಎಳೆ ಬರುತ್ತದೆ. 1886ರಲ್ಲಿ ನೆಲ್ಲೂರಿನಲ್ಲಿ ಅಮೆರಿಕನ್ ಮಿಷನರಿ ದಂಪತಿಗಳಿಗೆ ರಾಬರ್ಟ್ ವಿಲಿಯಮ್ಸ್ ಎಂಬ ಮಗ ಹುಟ್ಟಿದ. 1893ರಲ್ಲಿ ಉದಕಮಂಡಲದಲ್ಲಿ ಅವನ ತಮ್ಮ ರೋಜರ್ ಹುಟ್ಟಿದ. ಅಣ್ಣ 1910ರ ಹೊತ್ತಿಗೆ ಮನಿಲಾದಲ್ಲಿ ರಸಾಯನಶಾಸ್ತ್ರಜ್ಞ. ಅಲ್ಲಿನ ಬಾಣಂತಿಯರ ಎಳೆಗೂಸುಗಳು ಬೆರಿಬೆರಿಯಿಂದ ಸಾಯುತ್ತಿದ್ದವು. ತೌಡಿನ ಕಷಾಯದ ಕೆಲವು ಹನಿ ಹಾಕಿದರೆ ಉಸಿರು ಸಿಕ್ಕಿಕೊಂಡ ಮಗು ಚೇತರಿಸಿಕೊಳ್ಳುತ್ತಿತ್ತು. ಆ ಹನಿಯಲ್ಲಿರುವುದೇನು ಎಂದು ಹುಡುಕುತ್ತ ರಾಬರ್ಟ್ 26 ವರ್ಷ ಕಳೆದರು. ಹೊಟ್ಟೆಪಾಡಿಗೆ ಅಮೆರಿಕದ ಟೆಲಿಫೋನ್ ಕಂಪನಿಯ ಪ್ರಯೋಗಾಲಯದಲ್ಲಿ ಕೆಲಸ, ಬಿಡುವಿನಲ್ಲಿ ತೌಡು. ಈ ನಡುವೆ 1926ರಲ್ಲಿ ಜಾವಾದಲ್ಲಿ ಇಬ್ಬರು ಡಚ್ಚರು ಆ ಸತ್ವದ ಹರಳುಗಳನ್ನು ಬೇರ್ಪಡಿಸಿದರು. ಅದರ ರಚನೆಯನ್ನು ಬಿಡಿಸಿ, ಪ್ರಯೋಗಶಾಲೆಯಲ್ಲೇ ತಯಾರಿಸುವ ಬಗೆಯನ್ನು 1936ರಲ್ಲಿ ಕಂಡವರು ರಾಬರ್ಟ್. ಅದೇ ಬಿ1, ಥಯಮಿನ್. ಅಷ್ಟರಲ್ಲಿ ತಮ್ಮ ರೋಜರ್ 1933ರಲ್ಲಿ ಇನ್ನೊಂದು ಬಿ ಸತ್ವವನ್ನು ಕಂಡುಹಿಡಿದಿದ್ದರು. ಎಲ್ಲೆಲ್ಲೂ ಸಿಗುವುದೆಂಬ ಅರ್ಥದ ಗ್ರೀಕ್ ಪದದಿಂದ ಅದಕ್ಕೆ ಪ್ಯಾಂಟೊಥೆನಿಕ್ ಆಮ್ಲ ಎಂದು ಹೆಸರಿಟ್ಟರು, ಅದು ಬಿ5. ಒಂದೇ ತಾಯಿಯ ಇಬ್ಬರು ಮಕ್ಕಳು, ಎರಡು ಜೀವಸತ್ವ. ಈ ಎರಡನ್ನೂ ದಯವಿಟ್ಟು ನೆನಪಿಟ್ಟುಕೊಳ್ಳಿ.

ಬೆರಿಬೆರಿ ಹಳೆಯ ಕಾಲದ, ದೂರದ ದ್ವೀಪದ ಮಾತು ಎಂದು ನಾನೂ ಅಂದುಕೊಂಡಿದ್ದೆ. ಹಾಗಲ್ಲ. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯ ವೈದ್ಯರು ಈಚಿನ ವರ್ಷಗಳಲ್ಲಿ ಎದೆಹಾಲು ಮಾತ್ರ ಕುಡಿಯುವ ಕೂಸುಗಳಲ್ಲಿ ಹಠಾತ್ತಾಗಿ ಕಾಣುವ ಒಂದು ಗಂಡಾಂತರದ ಬಗ್ಗೆ ಬರೆದಿದ್ದಾರೆ. ಶ್ವಾಸಕೋಶಕ್ಕೆ ಹೋಗುವ ರಕ್ತನಾಳದಲ್ಲಿ ಒತ್ತಡ ಏರಿ ಮಗು ಏದುಸಿರು ಬಿಡುತ್ತದೆ. ಥಯಮಿನ್ ಕೊಟ್ಟರೆ ಬೇಗನೆ ಚೇತರಿಸಿಕೊಳ್ಳುತ್ತದೆ. ತಾಯಂದಿರು ಪಥ್ಯದ ಹೆಸರಿನಲ್ಲಿ ತಿನ್ನುತ್ತಿದ್ದುದು ಪಾಲಿಷ್ ಮಾಡಿದ ಬಿಳಿ ಅನ್ನವೇ ಹೆಚ್ಚು. ಬಾಣಂತಿಗೆ ಕಾಳು ವಾಯು, ಸೊಪ್ಪು ಶೀತ, ಬರೀ ಅನ್ನ-ತುಪ್ಪ-ಮೆಣಸಿನ ಸಾರು ಎಂದು ಕಟ್ಟುಮಾಡುವ ಅತ್ತೆಯರು, ಅಮ್ಮಂದಿರು ಇದನ್ನು ಓದುತ್ತಿದ್ದರೆ ಒಂದು ಗಳಿಗೆ ಯೋಚಿಸಲಿ. ಇದು ನಿಜವಾಗಿಯೂ ಊಟದ ಕೊರತೆ. ಊಟ ಸರಿಮಾಡಿದರೆ ಹೋಗುತ್ತದೆ.

ಮಿದುಳಿಗೂ ಬಿ1ಗೂ ಏನು ನಂಟು? ನಮ್ಮ ಮೈತೂಕದ ನೂರರಲ್ಲಿ ಎರಡು ಪಾಲಿನಷ್ಟೇ ಇರುವ ಮಿದುಳು, ಮೈಯ ಶಕ್ತಿಯ ಐದನೇ ಒಂದು ಪಾಲನ್ನು ಖರ್ಚುಮಾಡುತ್ತದೆ. ಅದರ ಸೌದೆ ಸಕ್ಕರೆ. ಥಯಮಿನ್ ಇಲ್ಲದಿದ್ದರೆ ಆ ಸೌದೆ ಪೂರ್ತಿ ಉರಿಯದೆ ಹೊಗೆಯಾಡುತ್ತದೆ. 1930ರ ದಶಕದಲ್ಲಿ ಆಕ್ಸ್‌ಫರ್ಡಿನ ರುಡಾಲ್ಫ್ ಪೀಟರ್ಸ್ ಪಾರಿವಾಳಗಳಲ್ಲಿ ಇದನ್ನು ತೋರಿಸಿದರು. ಬಿ1 ಇಲ್ಲದ ಪಾರಿವಾಳದ ಕತ್ತು ಹಿಂದಕ್ಕೆ ಸೆಟೆದುಕೊಳ್ಳುತ್ತಿತ್ತು. ಸತ್ವ ಕೊಟ್ಟರೆ ಸ್ವಲ್ಪ ಹೊತ್ತಿನಲ್ಲೇ ನೆಟ್ಟಗಾಗುತ್ತಿತ್ತು. ಮಿದುಳಿನ ಕೋಶಗಳು ಸತ್ತಿರಲಿಲ್ಲ, ಒಲೆ ಉರಿಯುತ್ತಿರಲಿಲ್ಲ ಅಷ್ಟೆ. ಬಹುಶಃ ಇಲ್ಲಿಂದಲೇ 'ನರಕ್ಕೆ ಬಿ ಕಾಂಪ್ಲೆಕ್ಸ್' ಎಂಬ ನಂಬಿಕೆ ಹಬ್ಬಿ, ಕೊನೆಗೆ ನಮ್ಮೂರಿನ ಡಾಕ್ಟರ ಸಿರಿಂಜಿಗೂ ಬಂದು ಸೇರಿತು.

ಇನ್ನು ಎರಡು ಕಪಾಟುಗಳು ಒಂದಾದ ಕಥೆ. ಮೊದಲು ಐವರು ಅಕ್ಕತಂಗಿಯರು. 1922ರಲ್ಲಿ ಹಾಲರ್‌ವೋರ್ಡೆನ್ ಮತ್ತು ಸ್ಪಾಟ್ಸ್ ಎಂಬ ಇಬ್ಬರು ಜರ್ಮನ್ ವೈದ್ಯರು ಒಂದೇ ಮನೆಯ ಐವರು ಹೆಣ್ಣುಮಕ್ಕಳ ಬಗ್ಗೆ ಬರೆದರು. ಮಾತು ತೊದಲಿ, ಕೈಕಾಲು ಸೆಟೆದು, ಬುದ್ಧಿ ಮಂಕಾಗುತ್ತ ಹೋದ ಮಕ್ಕಳು. ಸತ್ತ ಮೇಲೆ ನೋಡಿದರೆ ಮಿದುಳಿನ ಆಳದಲ್ಲಿ ಕಬ್ಬಿಣದಂಶ ತುಂಬಿತ್ತು. ರೋಗಕ್ಕೆ ಆ ಇಬ್ಬರ ಹೆಸರೇ ಬಂತು. 2001ರಲ್ಲಿ ಅಮೆರಿಕದ ಸೂಸನ್ ಹೇಫ್ಲಿಕ್ ಮತ್ತು ಸಂಗಡಿಗರು ಅದರ ವಂಶವಾಹಿಯನ್ನು ಪತ್ತೆಮಾಡಿದರು. ತಮ್ಮ ರೋಜರ್ ಕಂಡುಹಿಡಿದ ಬಿ5 ಸತ್ವವನ್ನು ಮೈಗೆ ಬಳಕೆಯಾಗುವ ರೂಪಕ್ಕೆ ತಿರುಗಿಸುವ ಕಿಣ್ವವೇ ಈ ಮಕ್ಕಳಲ್ಲಿ ಕೆಟ್ಟಿತ್ತು. ಸತ್ವ ಊಟದಲ್ಲಿದೆ, ರಕ್ತದಲ್ಲಿದೆ, ಕೋಶದೊಳಗೂ ಬರುತ್ತದೆ. ಆದರೆ ಅರೆಯುವ ಕಲ್ಲೇ ಒಡೆದಿದೆ. ರೋಗದ ಹೆಸರೂ ಬದಲಾಯಿತು. ನಾಜಿಗಳ ಕಾಲದಲ್ಲಿ ಸರಕಾರವೇ ಕೊಲ್ಲಿಸಿದ ರೋಗಿಗಳ ಮಿದುಳುಗಳನ್ನು ಹಾಲರ್‌ವೋರ್ಡೆನ್ ನೂರಾರು ಸಂಖ್ಯೆಯಲ್ಲಿ ಪಡೆದಿದ್ದರು. ಅಂಥವರ ಹೆಸರನ್ನು ಕಾಯಿಲೆಯ ಮಕ್ಕಳ ತಾಯಂದಿರು ದಿನಾ ಏಕೆ ಉಚ್ಚರಿಸಬೇಕು?

ಎರಡನೆಯದು ಸೌದಿ ಅರೇಬಿಯಾದ ರಿಯಾದಿನದು. ಅಲ್ಲಿನ ವೈದ್ಯರು 1998ರಲ್ಲಿ ಹತ್ತು ರೋಗಿಗಳ ಬಗ್ಗೆ ಬರೆದರು. ಜ್ವರವೋ ಪೆಟ್ಟೋ ನೆಪವಾಗಿ ಮಗು ಇದ್ದಕ್ಕಿದ್ದಂತೆ ಮಾತು ನಿಲ್ಲಿಸುತ್ತದೆ, ನುಂಗಲಾರದು, ಮೈ ಬಿಗಿಯುತ್ತದೆ. ಬಯೋಟಿನ್ ಎಂಬ ಇನ್ನೊಂದು ಬಿ ಸತ್ವವನ್ನು ದೊಡ್ಡ ಪ್ರಮಾಣದಲ್ಲಿ ಕೊಟ್ಟರೆ ಕೆಲವೇ ದಿನಗಳಲ್ಲಿ ಸರಿಹೋಗುತ್ತದೆ. ನಿಲ್ಲಿಸಿದರೆ ಮತ್ತೆ ಮರುಕಳಿಸುತ್ತದೆ. 2005ರಲ್ಲಿ ಕಾರಣ ಸಿಕ್ಕಿತು. ಕೆಟ್ಟದ್ದು ಎಸ್‌ಎಲ್‌ಸಿ19ಎ3 ಎಂಬ ವಂಶವಾಹಿ. ಅದು ಬಯೋಟಿನ್ನಿನದಲ್ಲ, ಅಣ್ಣ ರಾಬರ್ಟರ ಥಯಮಿನ್ನನ್ನು ಕೋಶದೊಳಕ್ಕೆ ಬಿಡುವ ಬಾಗಿಲು. ಅಂದಿನಿಂದ ಥಯಮಿನ್ನನ್ನೂ ಸೇರಿಸಿ ಕೊಡುತ್ತಾರೆ. ಬಾಗಿಲು ಕಿರಿದಾದಾಗ ಹೊರಗೆ ರಾಶಿ ಹಾಕಿದರೆ ಹೇಗೋ ಒಂದಿಷ್ಟು ಒಳಗೆ ನುಸುಳುತ್ತದೆ. ಈ ಎರಡು ರೋಗಗಳಲ್ಲಿ ತಂದೆತಾಯಿ ಇಬ್ಬರಿಂದಲೂ ಕೆಟ್ಟ ಪ್ರತಿ ಬಂದರೆ ಮಾತ್ರ ಮಗುವಿಗೆ ಕಾಯಿಲೆ. ಆದ್ದರಿಂದ ಹತ್ತಿರದ ರಕ್ತಸಂಬಂಧದ ಮದುವೆಗಳಲ್ಲಿ ಅಪಾಯ ಹೆಚ್ಚು. ಸೋದರಮಾವನಿಗೇ ಹೆಣ್ಣು ಕೊಡುವ ನಾವು ರಿಯಾದಿನ ಕಥೆಯನ್ನು ಪರರ ಕಥೆ ಎಂದು ಓದುವ ಹಾಗಿಲ್ಲ. ಹಂಟಿಂಗ್ಟನ್ ಹಾಗಲ್ಲ, ಒಬ್ಬರಿಂದ ಬಂದರೂ ಸಾಕು. ಪ್ರತಿ ಮಗುವಿಗೂ ನಾಣ್ಯ ಚಿಮ್ಮಿದ ಹಾಗೆ, ಅರ್ಧಕ್ಕರ್ಧ.

ಹಂಟಿಂಗ್ಟನ್ ವಂಶವಾಹಿಯನ್ನು ಹುಡುಕಿದ ಕಥೆ ಇನ್ನೊಂದು ಲೇಖನಕ್ಕಾಗುವಷ್ಟಿದೆ. ಆಲಿಸ್ ಅವರ ತಂಗಿ ನ್ಯಾನ್ಸಿ ವೆಕ್ಸ್ಲರ್ ಅದರ ಮುಂದಾಳು. 1968ರಲ್ಲಿ ಒಂದು ಬೆಳಿಗ್ಗೆ ಲಾಸ್ ಏಂಜಲೀಸಿನಲ್ಲಿ ರಸ್ತೆ ದಾಟುತ್ತಿದ್ದ ಅವರ ತಾಯಿಯನ್ನು ಪೊಲೀಸಿನವನೊಬ್ಬ, ಇಷ್ಟು ಹೊತ್ತಿಗೇ ಕುಡಿದಿದ್ದೀಯಲ್ಲ ಎಂದು ಗದರಿಸಿದ. ಪ್ರಾಣಿಶಾಸ್ತ್ರದಲ್ಲಿ ಉನ್ನತ ಪದವಿ ಪಡೆದಿದ್ದ ಆಕೆಗೂ, ನಮ್ಮ ದೊಡ್ಡಮ್ಮನಿಗೂ ಬೀದಿಯಲ್ಲಿ ಸಿಕ್ಕ ಮರ್ಯಾದೆ ಒಂದೇ. ವೆನಿಜುವೆಲಾದ ಮರಕೈಬೊ ಸರೋವರದ ದಂಡೆಯ ಬಡ ಹಳ್ಳಿಗಳಲ್ಲಿ ಈ ರೋಗ ಮನೆಮನೆಯಲ್ಲೂ ಇತ್ತು. ಅಲ್ಲಿನ ವೈದ್ಯ ನೆಗ್ರೆಟ್ಟೆ 1955ರಲ್ಲೇ ಅದನ್ನು ಗುರುತಿಸಿದ್ದರು. ನ್ಯಾನ್ಸಿ ವರ್ಷ ವರ್ಷವೂ ಅಲ್ಲಿಗೆ ಹೋಗಿ, ಕುಟುಂಬಗಳೊಡನೆ ಬೆರೆತು, ರಕ್ತದ ಮಾದರಿ ತಂದರು. ಅದರ ಬಲದಿಂದ 1983ರಲ್ಲಿ ನಾಲ್ಕನೆಯ ವರ್ಣತಂತುವಿನಲ್ಲಿ ಸುಳಿವು ಸಿಕ್ಕಿತು, 1993ರಲ್ಲಿ ವಂಶವಾಹಿ ಸಿಕ್ಕಿತು. ಸಿ, ಎ, ಜಿ ಎಂಬ ಮೂರಕ್ಷರದ ಪದವೊಂದು ಅಲ್ಲಿ ತೊದಲಿದ ಹಾಗೆ ಮತ್ತೆ ಮತ್ತೆ ಬರುತ್ತದೆ. 36ಕ್ಕಿಂತ ಕಡಿಮೆಯಿದ್ದರೆ ರೋಗವಿಲ್ಲ, 40 ಅಥವಾ ಹೆಚ್ಚಾದರೆ ಆಯುಷ್ಯವಿದ್ದಷ್ಟರಲ್ಲಿ ರೋಗ ಬಂದೇ ಬರುತ್ತದೆ. ಹೀಗೆ ಮುಂಚಿತವಾಗಿ ತಿಳಿಯುವ ಪರೀಕ್ಷೆಯೂ ಬಂತು. ಆದರೆ ಬಹುಪಾಲು ಜನ ಅದು ಬೇಡವೆಂದೇ ಇದ್ದಾರೆ. ತನಗೂ ರೋಗವಿದೆ ಎಂದು ನ್ಯಾನ್ಸಿ 2020ರಲ್ಲಿ ಬಹಿರಂಗವಾಗಿ ಹೇಳಿದರು.

ಈಗ ಆ ಮುತ್ತೈದೆ ಹೇಳಿದ ಪೇಪರಿನ ಸುದ್ದಿಗೆ ಬರೋಣ. 2019ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಮತ್ತು ನ್ಯೂಜಿಲೆಂಡಿನ ಆಕ್ಲೆಂಡಿನ ಸಂಶೋಧಕರು, ಹಂಟಿಂಗ್ಟನ್ನಿನಿಂದ ತೀರಿಕೊಂಡವರ ಮಿದುಳನ್ನು ಪರೀಕ್ಷಿಸಿ, ಅದರ ಹಲವು ಭಾಗಗಳಲ್ಲಿ ಬಿ5 ಕಡಿಮೆಯಾಗಿದೆ ಎಂದು ಬರೆದರು. 2021ರಲ್ಲಿ ಮ್ಯಾಡ್ರಿಡ್ಡಿನ ಹೊಸೆ ಲೂಕಾಸ್ ಮತ್ತು ಸಂಗಡಿಗರು ಇನ್ನೊಂದು ಕಂಡರು. ರಿಯಾದಿನ ಮಕ್ಕಳಲ್ಲಿ ಕೆಟ್ಟಿತ್ತಲ್ಲ, ಅದೇ ಬಿ1 ಬಾಗಿಲು ಹಂಟಿಂಗ್ಟನ್ ರೋಗಿಗಳ ಮಿದುಳಿನಲ್ಲೂ ಸಾಕಷ್ಟಿರಲಿಲ್ಲ. ಇವರಲ್ಲಿ ಆ ಬಾಗಿಲಿನ ವಂಶವಾಹಿ ನೆಟ್ಟಗೇ ಇದೆ. ಆದರೆ ಹಂಟಿಂಗ್ಟನ್ನಿನ ತೊದಲು ಒಳಗಿನ ಕಾರಖಾನೆಯನ್ನು ಕಲಕಿ, ಬಾಗಿಲುಗಳ ತಯಾರಿಕೆಯೇ ಕುಂಠಿತವಾಗಿದೆ. ರೋಗದ ಇಲಿಗಳಿಗೆ ಥಯಮಿನ್, ಬಯೋಟಿನ್ ಎರಡನ್ನೂ ಹೆಚ್ಚಾಗಿ ಕೊಟ್ಟಾಗ ಅವುಗಳ ನಡಿಗೆ ಸುಧಾರಿಸಿತು. ಸ್ಪೇನಿನಲ್ಲಿ ರೋಗಿಗಳ ಮೇಲಿನ ಪರೀಕ್ಷೆಗೂ ಇದು ದಾರಿಯಾಯಿತು.

ನೆಲ್ಲೂರಿನಲ್ಲಿ ಹುಟ್ಟಿದ ಅಣ್ಣನ ಸತ್ವ, ಊಟಿಯಲ್ಲಿ ಹುಟ್ಟಿದ ತಮ್ಮನ ಸತ್ವ, ಎರಡೂ ಕೊನೆಗೆ ಈಸ್ಟ್ ಹ್ಯಾಂಪ್ಟನ್ನಿನ ರೋಗದ ಮನೆಯಲ್ಲಿ ಸೇರಿದವು. ಇದು ಓದಲು ಚೆನ್ನಾಗಿದೆ. ಆದರೆ ನಾನು ಅತ್ತಿಗೆಗೆ ಹುಸಿ ಆಸೆ ಕೊಡಲು ಹೋಗಲಿಲ್ಲ. ಬಿ5ರ ಅರೆಯುವ ಕಲ್ಲು ಒಡೆದ ಮಕ್ಕಳಿಗೆ, ಅರೆದು ಸಿದ್ಧಮಾಡಿದ್ದನ್ನೇ ಕೊಡುವಂಥ ಒಂದು ಔಷಧವನ್ನು ತಯಾರಿಸಿದ್ದರು. ಪ್ರಯೋಗಶಾಲೆಯಲ್ಲಿ ಭರವಸೆ ಹುಟ್ಟಿಸಿದ ಅದು 2019ರಲ್ಲಿ ರೋಗಿಗಳ ಪರೀಕ್ಷೆಯಲ್ಲಿ ಸೋತಿತು. ಇಲಿ ನಡೆದದ್ದಕ್ಕೆಲ್ಲ ಮನುಷ್ಯ ನಡೆಯುವುದಿಲ್ಲ.

"ಹಾಗಾದರೆ ನಾನು ಮಾತ್ರೆ ತಂದುಕೊಡಲಾ? ಅಂಗಡಿಯಲ್ಲಿ ಚೀಟಿ ಇಲ್ಲದೆ ಸಿಗುತ್ತೆ" ಎಂದರು ಅತ್ತಿಗೆ. ನಾವು ಆಗ ಅವರ ಅಡುಗೆಮನೆಯಲ್ಲಿ ಕೂತಿದ್ದೆವು.

ಡಾಕ್ಟರನ್ನು ಕೇಳದೆ ಬೇಡವೆಂದೆ. ಬಿ ಗುಂಪಿನದೆಲ್ಲ ನಿರಪಾಯ ಎಂದು ನಾವು ತಿಳಿದಿದ್ದೇವೆ. ಬಿ6ನ್ನು ವಿಪರೀತ ತಿಂದು ನರಗಳನ್ನೇ ಕೆಡಿಸಿಕೊಂಡವರಿದ್ದಾರೆ. ಬಯೋಟಿನ್ ಹೆಚ್ಚಾದರೆ ಥೈರಾಯ್ಡಿನಂಥ ರಕ್ತಪರೀಕ್ಷೆಗಳ ಲೆಕ್ಕವೇ ತಪ್ಪಾಗಿ ಬರುತ್ತದೆ. ಅತ್ತಿಗೆಗೆ ಥೈರಾಯ್ಡ್ ಇದೆ, ಆ ಮಾತು ಬೇಗ ಅರ್ಥವಾಯಿತು.

ಆಮೇಲೆ ಅವರ ಮೊದಲ ಪ್ರಶ್ನೆಗೆ ಬಂದೆ. "ಅತ್ತಿಗೆ, ಸೊಸೈಟಿ ಅಂಗಡಿಯಲ್ಲಿ ಅಕ್ಕಿ ಮೂಟೆಗಟ್ಟಲೆ ಇದೆ. ನೀವು ಅದನ್ನು ಹೊತ್ತು ತಂದು ಅಣ್ಣನ ಹೊಸಿಲಿನವರೆಗೂ ಇಟ್ಟಿದ್ದೀರಿ. ಒಳಗಿನಿಂದ ಬಾಗಿಲು ತೆಗೆಯೋದಿಲ್ಲ. ಆ ಬಾಗಿಲು ಹೀಗಾಗೋದು ಅವನು ಹುಟ್ಟುವ ಮೊದಲೇ ಬರೆದಾಗಿತ್ತು. ಆಗ ನೀವು ಈ ಮನೆಗೆ ಬಂದಿರಲೂ ಇಲ್ಲ."

ಅವರು ಬಹಳ ಹೊತ್ತು ಮಾತಾಡಲಿಲ್ಲ. ನಾನು ಅಳುತ್ತಾರೇನೋ ಅಂದುಕೊಂಡೆ. ಅಳಲಿಲ್ಲ. "ಇದನ್ನ ಆ ಪಂಕ್ತಿಯಲ್ಲಿ ಹೇಳಬೇಕಿತ್ತು ನೀವು" ಎಂದರು.

ಹೌದು. ಆ ದಿನ ನಾನೂ ಅವರ ಪಕ್ಕದಲ್ಲೇ ಕೂತಿದ್ದೆ, ಹೋಳಿಗೆ ತಿಂದು ಎದ್ದು ಬಂದಿದ್ದೆ. ನನ್ನಲ್ಲಿ ಉತ್ತರವಿರಲಿಲ್ಲ.

ಒಳಗಿನಿಂದ ಅಣ್ಣನ ಸದ್ದು ಕೇಳಿಸಿತು. ಮೈ ಸದಾ ಆಡುತ್ತಿರುವುದರಿಂದ ಈ ರೋಗದವರು ಎಷ್ಟು ತಿಂದರೂ ಕರಗುತ್ತ ಹೋಗುತ್ತಾರೆ. ಅವನಿಗೆ ಈಗ ದಿನಕ್ಕೆ ಆರು ಸಲ ಊಟ. ನೀರಾದರೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆಂದು ಎಲ್ಲವನ್ನೂ ಗಟ್ಟಿಯಾಗಿಯೇ ಮಾಡಬೇಕು. ಅತ್ತಿಗೆ ಎದ್ದು, ರಾಗಿ ಗಂಜಿಗೆ ಎರಡು ಚಮಚ ತುಪ್ಪ ಹಾಕಿ, ಚಮಚ ನಿಲ್ಲುವಷ್ಟು ಗಟ್ಟಿಯಾಗಿದೆಯೇ ಎಂದು ನೋಡಿದರು. ಅಣ್ಣನ ಮುಷ್ಟಿಗೆ ಸಿಗಲೆಂದು ಚಮಚದ ಹಿಡಿಗೆ ಹಳೆಯ ಬಟ್ಟೆ ಸುತ್ತಿದ್ದರು. "ನೀವು ಅವರ ತಲೆಯ ಕಡೆ ದಿಂಬು ಹಿಡಿದುಕೊಳ್ಳಿ, ಇವತ್ತು ತಾವೇ ತಿನ್ನುತ್ತೀನಿ ಅಂದಿದ್ದಾರೆ" ಎನ್ನುತ್ತಾ ಬಟ್ಟಲು ಎತ್ತಿಕೊಂಡರು.